ಶರಾವತಿ ಅಳಿವೆಯ ಬಳಚು ಎಲ್ಲಿ ಹೋಯಿತು? ಒಂದೇ ಕಾರಣ ಹುಡುಕುವವರಿಗೊಂದು ಉತ್ತರ

ಪ್ರಶ್ನೆ: ನಮ್ಮದು ಹೊನ್ನಾವರದ ಹತ್ತಿರ, ಶರಾವತಿ ದಂಡೆಯ ಊರು. ನಮ್ಮ ಅಜ್ಜಿಯ ಕಾಲದಲ್ಲಿ ನೀರು ಇಳಿದ ಹೊತ್ತಿಗೆ ಹೊಳೆಗೆ ಹೋದರೆ ಬುಟ್ಟಿ ತುಂಬ ಬಳಚು ಸಿಗುತ್ತಿತ್ತಂತೆ. ಈಗ ಹುಡುಕಿದರೂ ಇಲ್ಲ. ಪಕ್ಕದ ಅಘನಾಶಿನಿಯಲ್ಲಿ ಮಾತ್ರ ಇನ್ನೂ ಸಿಗುತ್ತದೆ. ಕೆಲವರು ಅಣೆಕಟ್ಟು ಕಾರಣ ಅಂತಾರೆ, ಕೆಲವರು ಮರಳು ತೆಗೆದದ್ದು ಅಂತಾರೆ. ಟ್ರಾಲ್ ಬೋಟು, ಊರಿನ ಕೊಳಚೆ, ಹವಾಮಾನ ಬದಲಾವಣೆ ಅನ್ನುವವರೂ ಇದ್ದಾರೆ. ನಿಜವಾದ ಕಾರಣ ಯಾವುದು? ಅದೊಂದನ್ನು ಸರಿಪಡಿಸಿದರೆ ಮತ್ತೆ ಮೊದಲಿನಂತೆ ಆಗುತ್ತದೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರವೇ ಇದೆ. ಶರಾವತಿಯ ಬಳಚಿನ, ಅಂದರೆ ತಿನ್ನುವ ಚಿಪ್ಪಿಯ, ಮಟ್ಟಿಗೆ ಮುಖ್ಯ ಕಾರಣ ಸಿಹಿನೀರು. ಎರಡನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದು. ಯಾಕೆ ಇಲ್ಲ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕಾಗುತ್ತದೆ. ಕರಾವಳಿಯ ಬಗ್ಗೆ ನಾವು ಮಾಡುವ ಹೆಚ್ಚಿನ ವಾದಗಳು ಎಡವುವುದು ಅಲ್ಲೇ.

ಮೊದಲು ಸಿಹಿನೀರಿನ ವಿಷಯ. ಅಣೆಕಟ್ಟು ಬರುವ ಮೊದಲು ಶರಾವತಿಯೂ ಉಳಿದ ಹೊಳೆಗಳಂತೆಯೇ ಇತ್ತು. ಮಳೆಗಾಲದಲ್ಲಿ ತುಂಬಿ ಹರಿದು ಅಳಿವೆಯನ್ನೆಲ್ಲ ಸಿಹಿ ಮಾಡುತ್ತಿತ್ತು. ಮಳೆ ನಿಂತ ಮೇಲೆ ಹರಿವು ಸೊರಗುತ್ತಿತ್ತು. ಆಗ ಉಬ್ಬರದ ನೀರು ಉಪ್ಪನ್ನು ಹೊತ್ತುಕೊಂಡು ತುಂಬ ಒಳಗೆ ಬರುತ್ತಿತ್ತು. ಬೇಸಿಗೆಯಲ್ಲಿ ಅಳಿವೆ ಬಾಯಿಯ ನೀರು ಹೆಚ್ಚು ಕಡಿಮೆ ಸಮುದ್ರದಷ್ಟೇ ಉಪ್ಪು. ಮೇಲೆ ಹೋದಂತೆ ಉಪ್ಪು ಕಡಿಮೆಯಾಗುತ್ತಾ ಹೋಗುತ್ತಿತ್ತು. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ 35ರಿಂದ ಸೊನ್ನೆಯವರೆಗಿನ ಏಣಿಯ ಒಂದೊಂದು ಮೆಟ್ಟಿಲಿನಲ್ಲಿ ಒಂದೊಂದು ಜೀವ ನೆಲೆ ಮಾಡಿಕೊಂಡಿತ್ತು. ಒಂದು ಜಾತಿಯ ಚಿಪ್ಪಿ ಅಳಿವೆ ಬಾಯಿಯ ಹತ್ತಿರ, ಇನ್ನೊಂದು ಒಳಗೆ, ಮತ್ತೊಂದು ಇನ್ನೂ ಮೇಲೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲೂ ವಿದ್ಯುತ್ ಉತ್ಪಾದನೆ ಶುರುವಾಯಿತು. ಟರ್ಬೈನ್ ತಿರುಗಿಸಿದ ನೀರು ಹೊಳೆಗೆ ಬಂದೇ ಬರುತ್ತದೆ, ಅದೂ ವರ್ಷವಿಡೀ. ಬೇಸಿಗೆಯಲ್ಲಿ ಅಳಿವೆಗೆ ಬೇಕಿದ್ದದ್ದು ನೀರಿನ ಕೊರತೆ. ನಾವು ಅದನ್ನೇ ತೆಗೆದುಬಿಟ್ಟೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶರಾವತಿ ಮತ್ತು ಅಘನಾಶಿನಿ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಶರಾವತಿಯಲ್ಲಿ ಉಪ್ಪು ತೀರಾ ಕಡಿಮೆಯಾಗಿತ್ತು. ತಿನ್ನುವ ಚಿಪ್ಪಿಗಳು ಹೆಚ್ಚು ಕಡಿಮೆ ಇಲ್ಲವಾಗಿದ್ದವು. ಮೀನಿನ ಜಾತಿಗಳೂ ಕಮ್ಮಿ, ಉಪ್ಪು ಬೇಕಾದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೂ ಕಮ್ಮಿ. ಕುಮಟಾದಿಂದ ಹೊನ್ನಾವರಕ್ಕೆ ಒಂದು ತಾಸಿನ ದಾರಿಯೂ ಇಲ್ಲ. ಅದೇ ಸಮುದ್ರ, ಅದೇ ಮಳೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ ಅನ್ನುವುದೇ ದೊಡ್ಡ ವ್ಯತ್ಯಾಸ. ಆ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು.

ಇಷ್ಟಕ್ಕೆ ನಿಲ್ಲಿಸಿದರೆ ‘ಅಣೆಕಟ್ಟೇ ಅಪರಾಧಿ’ ಎಂದು ಹೇಳಿ ಮುಗಿಸಬಹುದು. ಆದರೆ ಚಿಪ್ಪಿ ಹೋದ ಮೇಲೆ ಅಳಿವೆಯಲ್ಲಿ ಏನೇನಾಯಿತು ಅನ್ನುವುದನ್ನೂ ನೋಡಬೇಕು.

ಚಿಪ್ಪಿ ನೀರನ್ನು ಒಳಗೆಳೆದು, ಅದರಲ್ಲಿರುವ ಪಾಚಿಯ ಕಣಗಳನ್ನು ತಿಂದು, ಉಳಿದ ನೀರನ್ನು ಹೊರಗೆ ಬಿಡುತ್ತದೆ. ಒಂದೊಂದು ಚಿಪ್ಪಿಯೂ ದಿನಕ್ಕೆ ಹಲವು ಲೀಟರ್ ನೀರು ಸೋಸುತ್ತದೆ. ಹೊಳೆಯ ತಳದಲ್ಲಿ ಲೆಕ್ಕವಿಲ್ಲದಷ್ಟು ಚಿಪ್ಪಿಗಳಿದ್ದಾಗ ತೋಟ ಗದ್ದೆಗಳ ಗೊಬ್ಬರ, ಊರಿನ ಕೊಳಚೆ ಇವುಗಳಿಂದ ಬೆಳೆಯುವ ಪಾಚಿ ಅಷ್ಟಾಗಿ ತೊಂದರೆ ಕೊಡುತ್ತಿರಲಿಲ್ಲ. ಬೆಳೆದಷ್ಟನ್ನು ಚಿಪ್ಪಿ ತಿನ್ನುತ್ತಿತ್ತು, ಚಿಪ್ಪಿಯನ್ನು ನಾವು ತಿನ್ನುತ್ತಿದ್ದೆವು. ಈಗ ಚಿಪ್ಪಿ ಇಲ್ಲ. ಗೊಬ್ಬರ ಮತ್ತು ಕೊಳಚೆ ಮಾತ್ರ ಮೊದಲಿಗಿಂತ ಜಾಸ್ತಿಯಾಗಿವೆ. ಅಂದರೆ ಅಣೆಕಟ್ಟು ಇಲ್ಲದಿದ್ದರೆ ಅಳಿವೆ ತಡೆದುಕೊಳ್ಳುತ್ತಿದ್ದಷ್ಟು ಕೊಳಚೆಯನ್ನೂ ಈಗ ತಡೆದುಕೊಳ್ಳಲಾರದು. ಕೊಳಚೆಯ ಲೆಕ್ಕ ಹಾಕುವವರು ಕೊಳಚೆಯನ್ನು ಮಾತ್ರ ಅಳೆದರೆ ಇದು ಕಾಣುವುದೇ ಇಲ್ಲ.

ನಿಮ್ಮ ಕಡೆ ತೆಂಗಿನ ತೋಟ ಇದ್ದವರಿಗೆ ಇದು ಹೊಸದಲ್ಲ. ಕುರುವಾಯಿ ದುಂಬಿ ಸುಳಿಯನ್ನು ಕೊರೆಯುತ್ತದೆ. ಅದರಿಂದಲೇ ಮರ ಸಾಯುವುದು ಕಡಿಮೆ. ಆದರೆ ಅದು ಮಾಡಿದ ಗಾಯದಲ್ಲಿ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ, ಆಮೇಲೆ ಮರ ಉಳಿಯುವುದಿಲ್ಲ. ಯಾವ ಹುಳ ಮರ ಕೊಂದಿತು ಎಂದು ಕೇಳಿದರೆ ಏನು ಹೇಳುವುದು? ಕರಾವಳಿಯಲ್ಲೂ ಒಂದು ಒತ್ತಡ ಮಾಡಿದ ಗಾಯದಲ್ಲಿ ಇನ್ನೊಂದು ಒಳಗೆ ಬರುತ್ತದೆ. ಹಾಗಾಗಿ ಒಟ್ಟು ಹಾನಿ ಬಿಡಿಬಿಡಿ ಹಾನಿಗಳನ್ನು ಕೂಡಿಸಿದ್ದಕ್ಕಿಂತ ಹೆಚ್ಚಾಗಬಹುದು.

ಕೆಲವೊಮ್ಮೆ ಇದರ ತಿರುಗುಮುರುಗೂ ಆಗುತ್ತದೆ. ಹೊಳೆಯ ತಳದಿಂದ ಮರಳು ತೆಗೆದರೆ ತಳ ಆಳವಾಗುತ್ತದೆ, ಉಬ್ಬರದ ಉಪ್ಪುನೀರು ಇನ್ನಷ್ಟು ಒಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ದಂಡೆಯ ಬಾವಿಗಳ ನೀರು ಉಪ್ಪಾಗುವುದಕ್ಕೆ ಇದೂ ಒಂದು ಕಾರಣ. ಶರಾವತಿಯಲ್ಲಿ ಸಿಹಿನೀರು ಜಾಸ್ತಿ ಅಂದೆ ಅಲ್ವಾ? ಹಾಗಾದರೆ ಮರಳು ತೆಗೆದರೆ ಉಪ್ಪು ಬಂದು ಸರಿಹೋಗುತ್ತದೆ ಎಂದು ಯಾರಾದರೂ ವಾದಿಸಬಹುದು. ಆ ವಾದವನ್ನು ಒಪ್ಪಬೇಡಿ. ಅಳೆಯುವ ಉಪಕರಣದಲ್ಲಿ ಅಂಕಿ ಸರಿ ಬಂದರೂ ಚಿಪ್ಪಿ ಕೂರಬೇಕಾದ ತಳವೇ ಲಾರಿ ಹತ್ತಿ ಹೋಗಿರುತ್ತದೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಪ್ರದೇಶದಲ್ಲಿ ದೋಣಿ ಓಡಾಟಕ್ಕೆ ಅಡ್ಡವಾದ ಮರಳು ದಿಬ್ಬಗಳನ್ನು ಮಾತ್ರ, ಅದೂ ಯಂತ್ರ ಬಳಸದೆ, ಸ್ಥಳೀಯರು ಕೈಯಿಂದ ತೆಗೆಯಬೇಕು ಎಂಬ ನಿಯಮ ಸುಮ್ನೆ ಬಂದದ್ದಲ್ಲ. ಯಂತ್ರ ಬಳಸಿದ ದೂರುಗಳು ನಮ್ಮ ಮೂರೂ ಜಿಲ್ಲೆಗಳಲ್ಲಿ ವರ್ಷವರ್ಷ ಬರುತ್ತಲೇ ಇವೆ.

ಮರಳಿನ ಕಥೆ ಹೊಳೆಯಲ್ಲೇ ಮುಗಿಯುವುದಿಲ್ಲ. ನಮ್ಮ ಕಡಲ ದಂಡೆಯ ಮರಳಿನ ದೊಡ್ಡ ಪಾಲನ್ನು ತಂದು ಹಾಕುವುದು ಘಟ್ಟದಿಂದ ಇಳಿಯುವ ಹೊಳೆಗಳು. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಎಳೆದು ಸ್ವಲ್ಪ ದೂರದಲ್ಲಿ ದಿಬ್ಬವಾಗಿ ಇಡುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನವಾಗಿ ವಾಪಸು ತರುತ್ತವೆ. ಇದು ವರ್ಷವೂ ನಡೆಯುವ ಕೊಡು ತೆಗೆ. ಜುಲೈಯಲ್ಲಿ ದಂಡೆ ಕಿರಿದಾಗಿ, ಫೆಬ್ರವರಿಯಲ್ಲಿ ಅಗಲವಾಗಿ ಕಂಡರೆ ಅದು ಕೊರೆತವಲ್ಲ. ಹೋದದ್ದು ಪೂರ್ತಿ ವಾಪಸು ಬಾರದಿದ್ದರೆ ಮಾತ್ರ ಕೊರೆತ.

ಉಳ್ಳಾಲ, ಸೋಮೇಶ್ವರದ ಕಡೆ ಏನಾಗಿದೆ ನೋಡಿ. ನೇತ್ರಾವತಿಗೆ ತುಂಬೆಯಲ್ಲಿ ಕಿಂಡಿ ಅಣೆಕಟ್ಟು. ಅದರ ಮೇಲೆ ಕೆಳಗೆ ಮರಳುಗಾರಿಕೆ. ಅಳಿವೆ ಬಾಯಿಯಲ್ಲಿ ಮೀನುಗಾರಿಕೆ ಬೋಟುಗಳಿಗಾಗಿ ಕಟ್ಟಿದ ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಕಲ್ಲಿನ ಕಟ್ಟೆ. ದಂಡೆಯುದ್ದಕ್ಕೂ ಸಾಗುವ ಮರಳು ಬ್ರೇಕ್‌ವಾಟರ್‌ನ ಒಂದು ಬದಿಯಲ್ಲಿ ತಂಗುತ್ತದೆ, ಇನ್ನೊಂದು ಬದಿಯಲ್ಲಿ ಕೊರತೆ ಬೀಳುತ್ತದೆ. ಮಳೆಗಾಲದಲ್ಲಿ ಮನೆಗೇ ನೀರು ಬಂದಾಗ ಜನ ರಸ್ತೆಗಿಳಿಯುತ್ತಾರೆ. ಅವಸರದಲ್ಲಿ ಬಂಡೆ ತಂದು ಸುರಿಯುತ್ತಾರೆ. ಬಂಡೆಯ ಗೋಡೆಗೆ ಹೊಡೆದ ಅಲೆ ತನ್ನ ಬಲವನ್ನು ಮರಳಿನ ಮೇಲೆ ಹರಡಿ ಕಳೆದುಕೊಳ್ಳುವ ಬದಲು ಹಿಂದಕ್ಕೆ ಚಿಮ್ಮುತ್ತದೆ. ಗೋಡೆಯ ಬುಡದ ಮರಳನ್ನು ಕೆದರುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿನ ಮನೆಯವರ ದಂಡೆ ಮುಂದಿನ ವರ್ಷ ಹೋಗುತ್ತದೆ. ಅವರೂ ಬಂಡೆ ಕೇಳುತ್ತಾರೆ. ಅವರು ಕೇಳುವುದು ತಪ್ಪಲ್ಲ. ಮನೆ ಬೀಳುತ್ತಿರುವವನಿಗೆ ತಾಳ್ಮೆಯ ಪಾಠ ಹೇಳುವುದು ನ್ಯಾಯವಲ್ಲ. ನನ್ನ ತಕರಾರು ಇರುವುದು ಹೊಳೆಯ ಮರಳಿಗೆ ಒಂದು ಇಲಾಖೆ, ಬ್ರೇಕ್‌ವಾಟರ್‌ಗೆ ಒಂದು, ತಡೆಗೋಡೆಗೆ ಮತ್ತೊಂದು ಎಂದು ಹಂಚಿಕೊಂಡು ಮೂರನ್ನೂ ಒಟ್ಟಿಗೆ ಕೂರಿಸಿ ಯಾರೂ ನೋಡದಿರುವುದರ ಬಗ್ಗೆ.

ಇದರ ಮೇಲೆ ಸಮುದ್ರ ಮಟ್ಟ ಏರುತ್ತಿದೆ. 1900ರಿಂದ ಈಚೆಗೆ ಜಗತ್ತಿನ ಸರಾಸರಿ ಏರಿಕೆ ಸುಮಾರು 20 ಸೆಂಟಿಮೀಟರ್. ಈಗ ವರ್ಷಕ್ಕೆ 3 ಮಿಲಿಮೀಟರ್‌ಗಿಂತ ಜಾಸ್ತಿ. ಮರಳು ಸಾಕಷ್ಟಿದ್ದು ಹಿಂದೆ ಜಾಗವೂ ಇದ್ದರೆ ದಂಡೆ ತಾನೇ ಸ್ವಲ್ಪ ಸ್ವಲ್ಪ ಹಿಂದೆ ಸರಿದು ಇದಕ್ಕೆ ಹೊಂದಿಕೊಳ್ಳುತ್ತದೆ. ಮುಂದೆ ಮರಳಿಲ್ಲ, ಹಿಂದೆ ರಸ್ತೆ, ರೆಸಾರ್ಟ್, ಕಾಂಪೌಂಡು ಇದ್ದರೆ ಅದು ಎಲ್ಲಿಗೆ ಹೋಗಬೇಕು? 2019ರ ಸಿಆರ್‌ಝಡ್ ಅಧಿಸೂಚನೆ ಜನಸಂಖ್ಯೆ ದಟ್ಟವಾಗಿರುವ ಹಳ್ಳಿ ಪ್ರದೇಶಗಳಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿಯನ್ನು 200 ಮೀಟರ್‌ನಿಂದ 50 ಮೀಟರ್‌ಗೆ ಇಳಿಸಿತು. ಸಮುದ್ರ ಮುಂದೆ ಬರುವ ಕಾಲದಲ್ಲಿ ನಾವೂ ಅದರ ಕಡೆಗೆ ಮುಂದೆ ಹೋದೆವು. ಇದು ತಪ್ಪು ನಿರ್ಧಾರ ಎಂದೇ ನನ್ನ ಅಭಿಪ್ರಾಯ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ದಂಡೆಯ ಪಕ್ಕದಲ್ಲೇ ಹಾದು ಹೋದಾಗ ಎಲ್ಲಿ ಪೆಟ್ಟು ಬಿತ್ತು ಎಂದು ನೆನಪು ಮಾಡಿಕೊಳ್ಳಿ. ಮರಳಿಗೆ ಮೊದಲೇ ಬರ ಬಂದಿದ್ದ ಜಾಗಗಳೂ ಅದರಲ್ಲಿದ್ದವು.

ಇನ್ನು ಟ್ರಾಲ್ ಬೋಟು. ನಿಮ್ಮ ಹೊಳೆಯ ಬಳಚನ್ನು ಅದು ಮುಟ್ಟುವುದಿಲ್ಲ. ಆದರೆ ಹೊಳೆಗೂ ಟ್ರಾಲ್ ಬೋಟಿಗೂ ಸಂಬಂಧ ಇದೆ. ಶೀಗಡಿಯ ಎಷ್ಟೋ ಜಾತಿಗಳು ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿಗಳು ಉಬ್ಬರದ ಜತೆ ಅಳಿವೆಗೆ ಬಂದು ಕಾಂಡ್ಲಾ ಬೇರುಗಳ ನಡುವೆ, ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಕೆಲವು ತಿಂಗಳು ಬೆಳೆದು ಮತ್ತೆ ಕಡಲಿಗೆ ಹೋಗುತ್ತವೆ. ಅಳಿವೆ ಕೆಟ್ಟರೆ ಆಳ ಸಮುದ್ರದ ಬೋಟಿನವನ ಬಲೆಯಲ್ಲೂ ಶೀಗಡಿ ಕಮ್ಮಿಯಾಗುತ್ತದೆ. ಅವನು ಡೀಸೆಲ್ ಸಾಲ ತೀರಿಸಲು ಇನ್ನಷ್ಟು ಹೊತ್ತು, ಇನ್ನಷ್ಟು ಸಣ್ಣ ಕಣ್ಣಿನ ಬಲೆ ಎಳೆಯುತ್ತಾನೆ. ಆಗ ಮರಿ ಮೀನೂ ಬರುತ್ತದೆ. ಅದನ್ನು ಕೊಳ್ಳಲು ಫಿಶ್‌ಮೀಲ್ ಕಾರ್ಖಾನೆಗಳು ಇವೆ. 1970ರ ದಶಕದ ಮಧ್ಯದಲ್ಲಿ ಯಂತ್ರದ ಬೋಟಿನಿಂದ ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆ ಬಂದು, ದಂಡೆಯಿಂದ ಜನರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿದ್ದು ನಿಮ್ಮ ಹಿರಿಯರಿಗೆ ನೆನಪಿರಬಹುದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ರಜೆ ಒಳ್ಳೆಯದೇ. 2017ರಲ್ಲಿ ಕೇಂದ್ರ ಸರ್ಕಾರ ಎಲ್‌ಇಡಿ ದೀಪದ ಮೀನುಗಾರಿಕೆಯನ್ನೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಆದರೆ ಎರಡು ತಿಂಗಳ ರಜೆಯಲ್ಲಿ ಉಳಿದುಕೊಂಡ ಮರಿಯನ್ನು ಆಗಸ್ಟ್‌ನಲ್ಲಿ ಸಣ್ಣ ಕಣ್ಣಿನ ಬಲೆಗೆ ಕೊಟ್ಟರೆ ರಜೆಯ ಲಾಭ ಅಲ್ಲಿಗೇ ಮುಗಿಯಿತು.

ಬೂತಾಯಿ (ಸಾರ್ಡೀನ್) ಮೀನಿನ ಉದಾಹರಣೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಹಿಡಿದಿದ್ದರು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕಡಲಿನ ಉಷ್ಣತೆ, ಮಳೆ, ಎಲ್ ನಿನೋ ಇವುಗಳಿಂದ ಬೂತಾಯಿ ಹಿಂದೆಯೂ ಏರಿಳಿದಿದೆ. ಅದು ಅದರ ಸ್ವಭಾವ. ಆದರೆ ಪ್ರಕೃತಿ ಕೈಕೊಟ್ಟ ವರ್ಷದಲ್ಲೇ ಮರಿಗಳನ್ನೂ ಬಿಡದೆ ಹಿಡಿದರೆ ಇಳಿತದಿಂದ ಏಳಲು ಅದಕ್ಕೆ ಸಂಸಾರವೇ ಉಳಿಯುವುದಿಲ್ಲ.

ಹವಾಮಾನವೇ ಕಾರಣ ಎನ್ನುವ ಮಾತು ಬಂದಾಗ ನಾನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ ಇದೆ. ಆ ಮಾತು ಸುಳ್ಳಲ್ಲ. ಆದರೆ ಎಷ್ಟೋ ಸಲ ಅದನ್ನು ಹೇಳುವುದು ಇಲ್ಲಿ ಮಾಡಬಹುದಾದ ಕೆಲಸದಿಂದ ನುಣುಚಿಕೊಳ್ಳಲು. ಅರಬ್ಬಿ ಸಮುದ್ರ ಬಿಸಿಯಾಗುವುದನ್ನು ಹೊನ್ನಾವರದಲ್ಲಿ ಕುಳಿತು ನಿಲ್ಲಿಸಲಾಗದು. ಬಿಸಿಯಾದ ಸಮುದ್ರಕ್ಕೆ ಹೊಂದಿಕೊಳ್ಳುವ ಶಕ್ತಿಯನ್ನು ನಮ್ಮ ಅಳಿವೆಗಳಲ್ಲಿ ಉಳಿಸುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲೇ ಇದೆ.

ಗಜನಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅಘನಾಶಿನಿಯ ಅಂಚಿನಲ್ಲಿ, ಕುಮಟಾದ ಮಾಣಿಕಟ್ಟಾದಂಥ ಊರುಗಳಲ್ಲಿ, ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕಟಾವಾದ ಮೇಲೆ ಅದೇ ಗದ್ದೆಯಲ್ಲಿ ಮೀನು ಶೀಗಡಿ. ಗೊಬ್ಬರ ಬೇಡ, ಔಷಧಿ ಬೇಡ. ಭತ್ತದ ಬುಡ ಕೊಳೆತು ಮೀನಿಗೆ ಆಹಾರ, ಮೀನಿನ ಹೊಲಸು ಭತ್ತಕ್ಕೆ ಗೊಬ್ಬರ. ಆಮೇಲೆ ಗಟ್ಟಿ ಒಡ್ಡುಗಳು ಬಂದವು, ನೀರಿನ ಓಡಾಟ ಬದಲಾಯಿತು. ಶೀಗಡಿಗೆ ದುಡ್ಡು ಬರತೊಡಗಿದ ಮೇಲೆ ಎಷ್ಟೋ ಗದ್ದೆಗಳು ಗುತ್ತಿಗೆಗೆ ಹೋಗಿ ವರ್ಷವಿಡೀ ಶೀಗಡಿ ಕೆರೆಗಳಾದವು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ದೇಶದ ಶೀಗಡಿ ಕೆರೆಗಳನ್ನೆಲ್ಲ ಹೊಡೆದು ಹಾಕಿತು. ಭತ್ತವನ್ನು ಮೊದಲೇ ಬಿಟ್ಟಿದ್ದವರಿಗೆ ಎರಡೂ ಇಲ್ಲವಾಯಿತು. ಇದರಲ್ಲಿ ಮನುಷ್ಯನ ಕೈವಾಡ ಇರುವುದು ಹಾಳು ಮಾಡಿದ್ದರಲ್ಲಿ ಮಾತ್ರ ಅಲ್ಲ. ಗಜನಿಯನ್ನು ಕಟ್ಟಿದ್ದೂ ಮನುಷ್ಯರೇ. ಆ ಉಬ್ಬರ ಇಳಿತವನ್ನು ಅರಿತು ಬದುಕು ಕಟ್ಟಿದ ರೈತರ ಬಗ್ಗೆ ನನಗೆ ತುಂಬ ಗೌರವ ಇದೆ. ಹಾಗಾಗಿ ‘ಮನುಷ್ಯ ಕೈಹಾಕಿದರೆ ಕೆಡುತ್ತದೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಒಂದನ್ನು ಸರಿಪಡಿಸಿದರೆ ಸಾಕೇ?

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಕೆರೆಯ ಚಿಪ್ಪಿ ಹಿಡಿಯುವವರು ಹಿಡಿಯುವ ವಿಷಯವನ್ನು ನಿಜವಾಗಿಯೂ ಸರಿಪಡಿಸಿಕೊಂಡರು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಚಿಪ್ಪಿ ಮರಿ ಮಾಡುವ ಕಾಲಕ್ಕೆ ರಜೆ. ಸಣ್ಣ ಚಿಪ್ಪಿ ಜಾರಿ ಹೋಗುವಂತೆ 30 ಮಿಲಿಮೀಟರ್ ಕಣ್ಣಿನ ಬಲೆ. 2014ರಲ್ಲಿ ಅವರ ಮೀನುಗಾರಿಕೆಗೆ ಸುಸ್ಥಿರ ಮೀನುಗಾರಿಕೆಗೆ ಕೊಡುವ ಅಂತರರಾಷ್ಟ್ರೀಯ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು, ಅದು ಭಾರತದಲ್ಲೇ ಮೊದಲನೆಯದು. ಆದರೆ ಆಮೇಲೆ ಅಮೆರಿಕ ಖಂಡದ ಕಡೆಯ ಹೊರಗಿನ ಜಾತಿಯೊಂದು ಚಿಪ್ಪಿ ಕೆರೆಯೊಳಗೆ ಬಂದು ಹಬ್ಬಿತು. ಕೊಳಚೆಯೂ ಸೇರಿಕೊಂಡಿತು. ಊರಿನ ಚಿಪ್ಪಿ ಇಳಿಯಿತು. ಈಗ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮರಿ ಚಿಪ್ಪಿ ಬಿಟ್ಟು ಮತ್ತೆ ಬೆಳೆಸಲು ಕೆಲಸ ಮಾಡುತ್ತಿದ್ದಾರೆ. ಹಿಡಿಯುವವರ ಶಿಸ್ತು ವ್ಯರ್ಥವಾಯಿತು ಎಂದು ಇದರ ಅರ್ಥ ಅಲ್ಲ. ಆ ಶಿಸ್ತು ಇಲ್ಲದಿದ್ದರೆ ಮತ್ತೆ ಬೆಳೆಸುವ ಪ್ರಯತ್ನಕ್ಕೆ ನೆಲೆಯೇ ಇರುತ್ತಿರಲಿಲ್ಲ. ಆದರೆ ಹಿಡಿಯುವವರ ಮೇಲೆ ಮಾತ್ರ ನಿಯಮ ಹೇರಿ ಉಳಿದವರೆಲ್ಲ ಆರಾಮಾಗಿರುವುದು ಸಾಲದು ಅನ್ನುವುದು ಮಾತ್ರ ಖಂಡಿತ.

2008ರಲ್ಲಿ ಜಗತ್ತಿನ ಸಮುದ್ರಗಳ ಮೇಲೆ ಮೀನುಗಾರಿಕೆ, ಮಾಲಿನ್ಯ, ಹಡಗು ಸಂಚಾರ, ಬಿಸಿಯೇರಿಕೆ ಹೀಗೆ 17 ಬಗೆಯ ಒತ್ತಡಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸಿ ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ಯಾವ ಒತ್ತಡವೂ ಇಲ್ಲದ ಜಾಗ ಎಲ್ಲೂ ಸಿಗಲಿಲ್ಲ. 41 ಶೇಕಡಾ ಭಾಗದಲ್ಲಿ ಹಲವು ಒತ್ತಡಗಳು ಒಟ್ಟಿಗೆ ಜೋರಾಗಿ ಬಿದ್ದಿದ್ದವು. ಅಂಥ ನಕ್ಷೆ ನಮಗೆ ಜಿಲ್ಲೆಗೊಂದು ಬೇಡ, ಅಳಿವೆಗೊಂದು ಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿ, ಸ್ವರ್ಣಾ, ನೇತ್ರಾವತಿ ಇವು ಒಂದೊಂದರ ಕಷ್ಟವೂ ಬೇರೆ. ಒಂದೇ ಮದ್ದು ಎಲ್ಲದಕ್ಕೂ ಆಗದು.

ಶರಾವತಿಗೆ ಮೊದಲು ಏನು ಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ: ಬೇಸಿಗೆಯ ನೀರು ಬಿಡುವ ಹೊತ್ತು ಮತ್ತು ಪ್ರಮಾಣ. ಅಣೆಕಟ್ಟು ಒಡೆಯುವ ಮಾತಲ್ಲ ಇದು. ಚಿಪ್ಪಿ ಮರಿ ಮಾಡುವ ಕೆಲವು ವಾರಗಳಲ್ಲಿ ಗೇರುಸೊಪ್ಪೆಯಿಂದ ಬಿಡುವ ನೀರನ್ನು ತಗ್ಗಿಸಿ, ಉಪ್ಪು ಎಲ್ಲಿಯವರೆಗೆ ಬರುತ್ತದೆ ಎಂದು ಅಳೆದು ನೋಡಬಹುದು. ಬಂದರೆ ಅಘನಾಶಿನಿಯ ಮರಿ ಚಿಪ್ಪಿ ತಂದು ಬಿಟ್ಟು ನೋಡಬಹುದು. ಅದರ ಜತೆಗೆ, ಚಿಪ್ಪಿ ಬಿಟ್ಟ ಜಾಗದಲ್ಲಿ ಮರಳು ತೆಗೆಯುವುದು ಪೂರ್ತಿ ನಿಲ್ಲಬೇಕು, ಹೊನ್ನಾವರ ಪಟ್ಟಣದ ಕೊಳಚೆ ಶುದ್ಧವಾಗಿ ಹೊಳೆಗೆ ಬರಬೇಕು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದ ಎರಡಕ್ಕೆ ಹಾಕಿದ ದುಡ್ಡು ಹೊಳೆಗೆ ಹಾಕಿದಂತೆಯೇ.

ಈಗ ಶರಾವತಿಗೆ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ (ನೀರನ್ನು ಮೇಲೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು) ಪ್ರಸ್ತಾಪ ಇದೆ. ಚರ್ಚೆಯೆಲ್ಲ ಘಟ್ಟದ ಕಾಡು, ಸಿಂಗಳೀಕಗಳ ಸುತ್ತ ನಡೆಯುತ್ತಿದೆ. ಅದು ನಡೆಯಲೇಬೇಕು. ಆದರೆ ಅಳಿವೆಯವರು ನೀವೂ ಕೇಳಬೇಕು: ಗೇರುಸೊಪ್ಪೆಯಿಂದ ಕೆಳಗೆ ಬರುವ ನೀರಿನ ಹೊತ್ತು, ಪ್ರಮಾಣ ಬದಲಾಗುತ್ತದೆಯೇ? ಕಾಸರಕೋಡು ಟೊಂಕದ ಬಂದರು ಯೋಜನೆ, ಅಳಿವೆಯ ಹೂಳು, ಆ ದಂಡೆಗೆ ಮೊಟ್ಟೆ ಇಡಲು ಬರುವ ಕಡಲಾಮೆ ಇವುಗಳನ್ನೂ ಅದೇ ಹಾಳೆಯಲ್ಲಿ ಬರೆದು ಲೆಕ್ಕ ಹಾಕಿದ್ದೀರಾ?

ಇದನ್ನು ಕೇಳುವುದಕ್ಕೆ ನಿಮಗೆ ಹಕ್ಕಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಯೋಜನೆಯವರು ತುಂಬಿ ಕೊಡಬೇಕಾದ ಫಾರ್ಮ್ 1ರ 9ನೆಯ ಅಂಶ ನೋಡಿ. ಅದೇ ಪ್ರದೇಶದಲ್ಲಿ ಈಗಾಗಲೇ ಇರುವ ಮತ್ತು ಬರಲಿರುವ ಬೇರೆ ಕೆಲಸಗಳ ಜತೆ ಸೇರಿ ಆಗುವ ಒಟ್ಟು ಪರಿಣಾಮದ ಬಗ್ಗೆ ಅಲ್ಲಿ ಕೇಳಿದೆ. ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ಆ 30 ದಿನಗಳಲ್ಲಿ ವರದಿ ತರಿಸಿ ಓದಿ.

ಬರಿಗೈಯಲ್ಲಿ ಹೋಗಬೇಡಿ. ಶೀಗಡಿ ಕೆರೆ ಇರುವವರ ಹತ್ತಿರ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಇರುತ್ತದೆ. ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ, ಉಬ್ಬರ ತುಂಬಿದ ಹೊತ್ತಿಗೆ ಅಳೆದು ದಿನಾಂಕದ ಜತೆ ಬರೆದಿಡಿ. ದಂಡೆಯ ಫೋಟೋವನ್ನೂ ಒಂದೇ ಜಾಗದಿಂದ ಮಳೆಗೆ ಮುಂಚೆ, ಮಳೆ ಮುಗಿದು ಕೆಲವು ತಿಂಗಳಾದ ಮೇಲೆ ತೆಗೆಯಿರಿ. ನಿಮ್ಮ ಅಮ್ಮ, ಊರಿನ ಹಿರಿಯ ಹೆಂಗಸರು ಯಾವ ಚಿಪ್ಪಿ ಯಾವ ತಿಂಗಳಲ್ಲಿ ಎಲ್ಲಿ ಸಿಗುತ್ತಿತ್ತು ಎಂದು ಹೇಳುವುದನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಸೇರಿಸಿ. 2002ರ ಕಾಯ್ದೆಯ ಪ್ರಕಾರ ಅದು ಅಧಿಕೃತ ದಾಖಲೆ. ಅಹವಾಲಿನಲ್ಲಿ ಬಾಯಲ್ಲಿ ಹೇಳಿದ್ದನ್ನು ಬರಹದಲ್ಲೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅಲ್ಲಿ ಎದ್ದ ಮುಖ್ಯ ಆಕ್ಷೇಪಗಳಿಗೆ ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು ಎಂದು ಅದೇ ಅಧಿಸೂಚನೆ ಹೇಳುತ್ತದೆ.